ತೊಗರಿಯ ಜೀನೋಮ್ ಓದಿದ್ದಾಯ್ತು, ತಿಗಣೆ ಹೊಟ್ಟೆಯೊಳಗಿನದ್ದು?

ತೊಗರಿ ಹೂ ಉದುರಿ ಕಾಯಿ ಕಟ್ಟುವ ಹೊತ್ತಿಗೆ ಕಲಬುರಗಿ, ಸೇಡಂ, ಚಿತ್ತಾಪುರ ಕಡೆಯ ಗೊಬ್ಬರದ ಅಂಗಡಿಗಳಲ್ಲಿ ಕೇಳಿಬರುವ ಮಾತು ಹೆಚ್ಚೂಕಡಿಮೆ ಒಂದೇ.

"ಕಾಕಾ, ಹ್ವಾದ ವರ್ಷದ ಎಣ್ಣಿ ಈ ಸಲ ಹತ್ತವಲ್ದು ನೋಡ್ರಿ."

"ಹಂಗಾರ ಇದು ಒಯ್ಯೋ ತಮ್ಮಾ, ಹೊಸಾದು ಬಂದದ."

ಎಣ್ಣೆ ಅಂದರೆ ಇಲ್ಲಿ ಕೀಟನಾಶಕ, ಹತ್ತೋದು ಅಂದರೆ ಹುಳಕ್ಕೆ ನಾಟೋದು. ಅದು ಯಾಕೆ ಹತ್ತಲಿಲ್ಲ ಅನ್ನೋದಕ್ಕೆ ಕಾರಣಗಳು ಯಾವಾಗಲೂ ರೆಡಿ ಇರುತ್ತವೆ. ಮಾಲು ನಕಲಿ. ಅಳತೆ ತಪ್ಪಿದೆ. ಹೊಡೆದ ಸಂಜೆಯೇ ಮಳೆ ಬಂತು. ಹುಳಕ್ಕೆ ರೂಢಿಯಾಗಿದೆ. ಇವೆಲ್ಲ ನಿಜವೇ ಇರಬಹುದು. ಆದರೆ ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಕಾರಣ ಇದೆ. ಅದು ಅಂಗಡಿಯಲ್ಲೂ ಇಲ್ಲ, ಹುಳದ ರಕ್ತದಲ್ಲೂ ಇಲ್ಲ. ಹುಳದ ಹೊಟ್ಟೆಯಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾದಲ್ಲಿದೆ.

ಇದನ್ನು ತೋರಿಸಿಕೊಟ್ಟವರು ಜಪಾನಿನ ಯೋಶಿತೊಮೊ ಕಿಕುಚಿ ಮತ್ತು ಸಂಗಡಿಗರು, 2012ರಲ್ಲಿ. ಅವರು ಆರಿಸಿಕೊಂಡ ಹುಳ ರಿಪ್ಟಾರ್ಟಸ್ ಪೆಡೆಸ್ಟ್ರಿಸ್ ಅನ್ನುವ ಕಾಯಿ ತಿಗಣೆ. ಅಲ್ಲಿ ಅದು ಸೋಯಾಬೀನಿನ ಶತ್ರು. ನಮ್ಮಲ್ಲಿ ತೊಗರಿ, ಅಲಸಂದೆ ಕಾಯಿಗೆ ಬೀಳುವ ತಿಗಣೆಗಳ ಪಟ್ಟಿಯಲ್ಲೂ ಇದರ ಹೆಸರಿದೆ. ಮರಿ ಇದ್ದಾಗ ನೋಡಿದರೆ ಇರುವೆ ಅಂದುಕೊಂಡು ಸುಮ್ನೆ ಬಿಟ್ಟುಬಿಡುತ್ತೀರಿ. ಕಪ್ಪು-ಕಂದು ಬಣ್ಣ, ಸಣ್ಣ ಸೊಂಟ, ಓಡಾಟವೂ ಇರುವೆಯದ್ದೇ. ಬೆಳೆದ ಮೇಲೆ ಉದ್ದನೆಯ ಕಂದು ತಿಗಣೆ, ಹಿಂಗಾಲಿನ ತೊಡೆ ದಪ್ಪ. ಹಸಿ ಕಾಯಿಗೆ ಬಾಯಿ ಚುಚ್ಚಿ ಒಳಗಿನ ಕಾಳಿನ ರಸ ಹೀರುತ್ತದೆ. ಕಾಯಿ ಹೊರಗಿನಿಂದ ನೆಟ್ಟಗೇ ಕಾಣುತ್ತದೆ, ರಂಧ್ರ ಗಿಂಧ್ರ ಏನೂ ಇರುವುದಿಲ್ಲ. ಒಡೆದು ನೋಡಿದರೆ ಕಾಳು ಸೊರಗಿ ಸುಕ್ಕುಗಟ್ಟಿರುತ್ತದೆ.

ಈ ತಿಗಣೆಯ ಕರುಳಿನ ಹಿಂಭಾಗದಲ್ಲಿ ಸಾಲಾಗಿ ಪುಟ್ಟ ಪುಟ್ಟ ಚೀಲಗಳಿವೆ. ಅವುಗಳಲ್ಲಿ ಬರ್ಕ್‌ಹೋಲ್ಡೇರಿಯಾ ಗುಂಪಿನ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ತುಂಬಿಕೊಂಡಿರುತ್ತದೆ. ಅದಿಲ್ಲದಿದ್ದರೆ ತಿಗಣೆ ಸರಿಯಾಗಿ ಬೆಳೆಯುವುದಿಲ್ಲ. ಮಜಾ ಏನೆಂದರೆ ಇದು ತಾಯಿಯಿಂದ ಮರಿಗೆ ಬರುವುದಿಲ್ಲ. ಪ್ರತಿ ಪೀಳಿಗೆಯ ಮರಿಯೂ ಎರಡನೇ ಹಂತದಲ್ಲಿದ್ದಾಗ ಹೊಲದ ಮಣ್ಣಿನಿಂದ ಹೊಸದಾಗಿ ಸಂಪಾದಿಸಿಕೊಳ್ಳಬೇಕು. ಕಿಕುಚಿ ತಂಡ ನೋಡಿದ್ದು ಇಷ್ಟು: ಫೆನಿಟ್ರೋಥಿಯಾನ್ ಎಂಬ ಆರ್ಗನೋಫಾಸ್ಫೇಟ್ ಕೀಟನಾಶಕವನ್ನು ಒಂದೇ ಮಣ್ಣಿಗೆ ಮತ್ತೆ ಮತ್ತೆ ಹಾಕಿದರೆ, ಅದನ್ನೇ ತಿಂದು ಬದುಕುವ ಬರ್ಕ್‌ಹೋಲ್ಡೇರಿಯಾ ಆ ಮಣ್ಣಿನಲ್ಲಿ ಹೆಚ್ಚಾಗುತ್ತದೆ. ಆ ಮಣ್ಣಿನಲ್ಲಿ ಬೆಳೆದ ತಿಗಣೆ ಮರಿ ಅದನ್ನು ಹೊಟ್ಟೆಗೆ ಸೇರಿಸಿಕೊಳ್ಳುತ್ತದೆ. ಅಲ್ಲಿಗೆ ಮುಗಿಯಿತು. ಎಣ್ಣೆ ಹೊಟ್ಟೆಯೊಳಗೆ ಹೋದರೆ ಬ್ಯಾಕ್ಟೀರಿಯಾ ಅದನ್ನು ಒಡೆದು ಹಾಕುತ್ತದೆ, ತಿಗಣೆ ಉಳಿದುಕೊಳ್ಳುತ್ತದೆ.

ಹುಳದ ಜೀನ್‌ನಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ. ಸಾಮಾನ್ಯವಾಗಿ ಕೀಟಕ್ಕೆ ನಿರೋಧ ಬರಬೇಕಾದರೆ ಎಷ್ಟೋ ಪೀಳಿಗೆ ಬೇಕು. ಇಲ್ಲಿ ಒಂದೇ ಪೀಳಿಗೆಯಲ್ಲಿ, ಒಂದು ತುತ್ತು ಮಣ್ಣಿನ ಜೊತೆ ಬಂದುಬಿಡುತ್ತದೆ.

ಫೆನಿಟ್ರೋಥಿಯಾನ್ ನಮ್ಮಲ್ಲಿ ಬೆಳೆಗೆ ಹೊಡೆಯುವ ಔಷಧಿ ಅಲ್ಲ, ಅದಕ್ಕೆ ನಿರ್ಬಂಧವಿದೆ. ಆದರೆ ಅದೇ ಗುಂಪಿನ ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಹೆಸರುಗಳು ಈ ಭಾಗದ ಯಾವ ತೊಗರಿ ರೈತನಿಗೂ ಬಾಯಿಪಾಠ. ಹಾಗಾಗಿ ಜಪಾನಿನ ಪ್ರಯೋಗ ಅಲ್ಲಿಯ ಕಥೆ ಅಂತ ಬಿಟ್ಟುಬಿಡೋ ಹಾಗಿಲ್ಲ. ನನ್ನ ವಾದ ಇಲ್ಲಿಂದಲೇ ಶುರು. ಈ ಕಾಯಿ ತಿಗಣೆಯ ಜೀನೋಮನ್ನು, ಅಂದರೆ ಡಿಎನ್‌ಎಯಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಅದರ ಎಲ್ಲ ಜೀನ್‌ಗಳ ಪುಸ್ತಕವನ್ನು, ವಿಜ್ಞಾನಿಗಳು ಈಗಾಗಲೇ ಓದಿ ಪ್ರಕಟಿಸಿದ್ದಾರೆ. ಆದರೆ ಅದನ್ನು ಮೊದಲಿಂದ ಕೊನೆಯವರೆಗೆ ಓದಿದರೂ ನಮ್ಮ ಹೊಲದಲ್ಲಿ ಎಣ್ಣೆ ಯಾಕೆ ಹತ್ತಲಿಲ್ಲ ಅನ್ನೋದು ಗೊತ್ತಾಗುವುದಿಲ್ಲ. ಆ ಉತ್ತರ ಇರುವುದು ಇನ್ನೊಂದು ಜೀವಿಯ ಜೀನೋಮಿನಲ್ಲಿ. ಆ ಜೀವಿ ಇರುವುದು ನಮ್ಮ ಎರೆ ಮಣ್ಣಿನಲ್ಲಿ.

ಹಾಗಾದರೆ ಹುಳಗಳು ಈ ಬ್ಯಾಕ್ಟೀರಿಯಾಗಳನ್ನು ಸಾಕಿಕೊಂಡಿರುವುದಾದರೂ ಯಾಕೆ? ಎಣ್ಣೆ ಜೀರ್ಣಿಸಿಕೊಳ್ಳಲಿ ಅಂತ ಅಲ್ಲವಲ್ಲ. ಎಣ್ಣೆ ಬಂದದ್ದು ನಿನ್ನೆ ಮೊನ್ನೆ. ಮೂಲ ಕಾರಣ ಊಟ.

ಹಿಂಗಾರಿ ಬಿಳಿ ಜೋಳದ ಹೊಲಕ್ಕೆ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಒಂದು ಎಲೆ ತಿರುಗಿಸಿ ನೋಡಿ. ನಾಲ್ಕು ದಿನ ಮೋಡ ಮುಚ್ಚಿದ್ದರೆ ಎಲೆಯ ಅಡಿಯಲ್ಲಿ ಹೇನು ಗುಂಪುಗುಂಪಾಗಿ ಕೂತಿರುತ್ತದೆ. ಎಲೆ ಮುಟ್ಟಿದರೆ ಕೈ ಅಂಟಂಟು. ಕುಸುಬೆಯಲ್ಲೂ ಅಷ್ಟೇ, ತಡವಾಗಿ ಬಿತ್ತಿದರೆ ಕರಿಹೇನು ಮುತ್ತಿಕೊಂಡು ಗಿಡವೇ ಕಪ್ಪಾಗುತ್ತದೆ. ಆ ಅಂಟು ಬೇರೇನೂ ಅಲ್ಲ, ಹೇನು ಹೊರಗೆ ಹಾಕಿದ ಸಕ್ಕರೆ ನೀರು. ಗಿಡದ ರಸದಲ್ಲಿ ಸಕ್ಕರೆ ಬೇಕಾದಷ್ಟಿದೆ. ಆದರೆ ಮೈ ಕಟ್ಟಲು ಬೇಕಾದ ಅಮೈನೋ ಆಮ್ಲಗಳು ತೀರಾ ಕಡಿಮೆ. ಅವುಗಳಲ್ಲಿ ಹತ್ತನ್ನು ಪ್ರಾಣಿಗಳು ತಾವೇ ತಯಾರಿಸಿಕೊಳ್ಳಲಾರವು, ಊಟದಲ್ಲೇ ಬರಬೇಕು. ಹಾಗಾಗಿ ಹೇನು ರಾಶಿ ರಸ ಹೀರುತ್ತದೆ, ಬೇಡದ ಸಕ್ಕರೆಯನ್ನು ಹೊರಗೆ ಸುರಿಯುತ್ತದೆ. ಬೇಕಾದ ಅಮೈನೋ ಆಮ್ಲಗಳನ್ನು ಮಾಡಿಕೊಡುವುದು ಅದರ ಹೊಟ್ಟೆಯೊಳಗಿನ ವಿಶೇಷ ಜೀವಕೋಶಗಳಲ್ಲಿ ಇರುವ ಬುಕ್ನೆರಾ ಎಂಬ ಬ್ಯಾಕ್ಟೀರಿಯಾ. ಕೀಟಗಳ ಈ ಒಳವಾಸಿಗಳ ಅಧ್ಯಯನಕ್ಕೆ ಜೀವನ ಸವೆಸಿದ ಜರ್ಮನ್ ವಿಜ್ಞಾನಿ ಪಾಲ್ ಬುಕ್ನರ್ ನೆನಪಿಗೆ ಇಟ್ಟ ಹೆಸರು ಅದು.

ಬುಕ್ನೆರಾ ಮಣ್ಣಿನಿಂದ ಬರುವುದಿಲ್ಲ. ಹೇನು ಮೊಟ್ಟೆ ಇಡದೆ ಮರಿ ಹಾಕುವ ಕಾಲದಲ್ಲಿ, ತಾಯಿಯ ಹೊಟ್ಟೆಯಲ್ಲಿ ಇರುವಾಗಲೇ ಮರಿಗೆ ದಾಟಿಬಿಡುತ್ತದೆ. ಈ ಸಂಬಂಧಕ್ಕೆ 16 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು ಅನ್ನುವುದು ವಿಜ್ಞಾನಿಗಳ ಅಂದಾಜು. ಆ್ಯಂಟಿಬಯೋಟಿಕ್ ಕೊಟ್ಟು ಬುಕ್ನೆರಾ ಕೊಂದರೆ ಹೇನು ಕುಗ್ಗಿಹೋಗುತ್ತದೆ, ಮರಿ ಹಾಕುವುದೂ ನಿಂತುಹೋಗುತ್ತದೆ. ಇತ್ತ ಬುಕ್ನೆರಾ ಕೂಡ ಹೇನಿನ ಹೊರಗೆ ಬದುಕುವುದಿಲ್ಲ. ಪ್ರಯೋಗಾಲಯದ ಯಾವ ಗಾಜಿನ ತಟ್ಟೆಯಲ್ಲೂ ಅದು ಬೆಳೆಯುವುದಿಲ್ಲ. ಜೀನೋಮ್ ಸೀಕ್ವೆನ್ಸಿಂಗ್ ಇಷ್ಟು ಮಹತ್ವ ಪಡೆದಿದ್ದೇ ಇದಕ್ಕೆ. ಸಾಕಿ ನೋಡಲಾಗದ ಜೀವಿಯನ್ನು ಓದಿಯೇ ತಿಳಿಯಬೇಕು.

ಜಪಾನಿನ ಶಿಗೆನೊಬು ಮತ್ತು ತಂಡ 2000ದಲ್ಲಿ ಬುಕ್ನೆರಾದ ಜೀನೋಮ್ ಓದಿ ಮುಗಿಸಿತು. ಉದ್ದ ಸುಮಾರು 6.4 ಲಕ್ಷ ಅಕ್ಷರ. ಇದರ ದೂರದ ಬಂಧು, ನಮ್ಮ ಕರುಳಲ್ಲಿರುವ ಇ. ಕೋಲಿಯದ್ದು 46 ಲಕ್ಷ. ಜೀನ್‌ಗಳು ಅಲ್ಲಿ 4,300ರ ಆಸುಪಾಸು, ಇಲ್ಲಿ ಬರೀ 600ರ ಆಸುಪಾಸು. ಉಳಿದವು ಏನಾದವು? ಉದುರಿಹೋದವು. ನಮ್ಮ ಕಡೆ ಪಾಲಿಗೆ ಹೊಲ ಮಾಡುವವರನ್ನು ನೆನಪಿಸಿಕೊಳ್ಳಿ. ಹೊಲದ ಮಾಲೀಕನ ಎತ್ತು, ಬಂಡಿ, ಬಾವಿ ಎಲ್ಲ ಬಳಕೆಗೆ ಸಿಗುತ್ತಿದ್ದರೆ ತನ್ನದೇ ಎತ್ತು ಯಾಕೆ ಅಂತ ಮಾರುತ್ತಾನೆ. ಮೊಮ್ಮಗನ ಕಾಲಕ್ಕೆ ಆ ಮನೆಯಲ್ಲಿ ನೊಗವೂ ಇರುವುದಿಲ್ಲ, ಬೇರೆ ಕಡೆ ಹೋಗಿ ಉಳುವ ದಾರಿಯೂ ಇರುವುದಿಲ್ಲ. ಬುಕ್ನೆರಾ ಆಗಿದ್ದು ಹೀಗೆ. ತನ್ನ ಹೊರಪೊರೆ ಕಟ್ಟಿಕೊಳ್ಳುವ, ಶತ್ರುವಿನಿಂದ ತಪ್ಪಿಸಿಕೊಳ್ಳುವ, ಬದಲಾದ ವಾತಾವರಣಕ್ಕೆ ಹೊಂದಿಕೊಳ್ಳುವ ಜೀನ್‌ಗಳೆಲ್ಲ ಹೆಚ್ಚಾಗಿ ಹೋಗಿವೆ. ಅಮೈನೋ ಆಮ್ಲ ತಯಾರಿಸುವ ಜೀನ್‌ಗಳು ಮಾತ್ರ ಗಟ್ಟಿಯಾಗಿ ಉಳಿದಿವೆ. ಮಾಲೀಕನಿಗೆ ಬೇಕಾದ ಕೆಲಸ ಅದೊಂದೇ.

ಹತ್ತು ವರ್ಷದ ನಂತರ, 2010ರಲ್ಲಿ, ಇನ್ನೊಂದು ಕಡೆಯ ಪುಸ್ತಕವೂ ತೆರೆಯಿತು. ಬಟಾಣಿ ಹೇನಿನ ಜೀನೋಮ್ ಪ್ರಕಟವಾಯಿತು. ಸುಮಾರು 46 ಕೋಟಿ ಅಕ್ಷರ, 34 ಸಾವಿರಕ್ಕೂ ಹೆಚ್ಚು ಜೀನ್‌ಗಳ ಅಂದಾಜು. ಮನುಷ್ಯನಿಗೇ ಸುಮಾರು 20 ಸಾವಿರ! ಇದರಲ್ಲಿ ಬಹಳಷ್ಟು ನಕಲು ಪ್ರತಿಗಳೇ ಅನ್ನಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನಿಜವಾದ ಅಚ್ಚರಿ ಸಿಕ್ಕಿತು. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೋ ಆಮ್ಲಗಳನ್ನು ಬುಕ್ನೆರಾ ಬಹುತೇಕ ತಯಾರಿಸುತ್ತದೆ, ಕೊನೆಯ ಒಂದು ಹಂತ ಮಾತ್ರ ಅದರ ಕೈಯಲ್ಲಿ ಆಗುವುದಿಲ್ಲ. ಆ ಜೀನ್ ಇರುವುದು ಹೇನಿನ ಬಳಿ. ಬುಕ್ನೆರಾದ್ದು ಮಾತ್ರ ಓದಿದ್ದರೆ ಅದು ಕುಂಟು ಬ್ಯಾಕ್ಟೀರಿಯಾ ಅನ್ನಿಸುತ್ತಿತ್ತು. ಹೇನಿನದ್ದು ಮಾತ್ರ ಓದಿದ್ದರೆ ಆ ಜೀನ್ ಅಷ್ಟೊಂದು ದುಡಿಯುವುದು ಯಾಕೆ ಅಂತ ಗೊತ್ತಾಗುತ್ತಿರಲಿಲ್ಲ. ಇನ್ನೊಂದು ವಿಷಯ. ಬೇರೆ ಕೀಟಗಳು ಬ್ಯಾಕ್ಟೀರಿಯಾ ವಿರುದ್ಧ ಹೋರಾಡಲು ಬಳಸುವ ಒಂದು ಮುಖ್ಯ ರಕ್ಷಣಾ ಮಾರ್ಗದ ಹಲವು ಜೀನ್‌ಗಳು ಬಟಾಣಿ ಹೇನಿನಲ್ಲಿ ಇಲ್ಲವೇ ಇಲ್ಲ. ಬಾಡಿಗೆದಾರನಿಗೆ ತೊಂದರೆ ಆಗದಿರಲಿ ಅಂತ ಕಾವಲನ್ನೇ ತೆಗೆದ ಹಾಗೆ ಕಾಣುತ್ತದೆ, ಆದರೂ ಕಾರಣ ಇದೊಂದೇ ಅಂತ ಖಡಾಖಂಡಿತ ಹೇಳುವುದು ಆತುರ.

ಇದಕ್ಕಿಂತಲೂ ಸಣ್ಣ ಜೀನೋಮ್‌ಗಳಿವೆ. 2006ರಲ್ಲಿ ಓದಿದ ಕಾರ್ಸೊನೆಲ್ಲಾ ಎಂಬ ಬ್ಯಾಕ್ಟೀರಿಯಾದ್ದು 1.6 ಲಕ್ಷ ಅಕ್ಷರ. ಒಂದು ಜಾತಿಯ ಜಿಗಿಹುಳದಲ್ಲಿ ಇರುವ ನಾಸುಯಾದ್ದು 1.12 ಲಕ್ಷ. ಅಮೆರಿಕದ ನ್ಯಾನ್ಸಿ ಮೊರಾನ್ ಈ ಕ್ಷೇತ್ರದ ದೊಡ್ಡ ಹೆಸರು, ಈ ಎರಡರಲ್ಲೂ ಅವರ ಕೈ ಇದೆ. ನಿಂಬೆ ಜಾತಿಯ ಗಿಡಗಳ ಹಿಟ್ಟು ತಿಗಣೆಯದ್ದಂತೂ ತಮಾಷೆ. ಅದರೊಳಗೆ ಟ್ರೆಂಬ್ಲಾಯಾ ಎಂಬ ಬ್ಯಾಕ್ಟೀರಿಯಾ, ಆ ಬ್ಯಾಕ್ಟೀರಿಯಾದ ಒಳಗೆ ಮೊರಾನೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ. ಒಂದೇ ಅಮೈನೋ ಆಮ್ಲದ ತಯಾರಿಯನ್ನು ಮೂವರೂ ಹಂಚಿಕೊಂಡು ಮಾಡುತ್ತಾರೆ.

ಬಿಸಿಲಿನ ವಿಷಯಕ್ಕೆ ಬರೋಣ. ಕಲಬುರಗಿಯಲ್ಲಿ ಕೂತು ಬಿಸಿಲಿನ ಬಗ್ಗೆ ಬರೆಯದೆ ಇರೋದು ಹೇಗೆ? ಬುಕ್ನೆರಾದಲ್ಲಿ ಶಾಖದಿಂದ ಪ್ರೋಟೀನುಗಳನ್ನು ಕಾಪಾಡುವ ಒಂದು ಜೀನ್ ಇದೆ. ಅದಕ್ಕೆ ಚಾಲನೆ ಕೊಡುವ ಭಾಗದಲ್ಲಿ ಒಂದೇ ಅಕ್ಷರ ಬಿಟ್ಟುಹೋದ ತಳಿಗಳನ್ನು ಮೊರಾನ್ ತಂಡ 2007ರಲ್ಲಿ ವರದಿ ಮಾಡಿತು. ಆ ಬುಕ್ನೆರಾ ಇರುವ ಎಳೆ ಹೇನುಗಳನ್ನು 35 ಡಿಗ್ರಿ ಶಾಖದಲ್ಲಿ ನಾಲ್ಕು ತಾಸು ಇಟ್ಟರೆ ಸಾಕು, ಮುಂದೆ ಅವು ಮರಿ ಹಾಕುವುದು ಬಹುತೇಕ ನಿಂತೇ ಹೋಗುತ್ತಿತ್ತು. ಹಾಗಾದರೆ ಇಂಥ ತಳಿ ಅಳಿದುಹೋಗಬೇಕಿತ್ತಲ್ಲ? ಇಲ್ಲ. ತಂಪು ಹವೆಯಲ್ಲಿ ಅದೇ ಹೇನುಗಳು ಬೇರೆಯವಕ್ಕಿಂತ ಬೇಗ, ಜಾಸ್ತಿ ಮರಿ ಹಾಕುತ್ತಿದ್ದವು. ಆ ಒಂದು ಅಕ್ಷರ ಇರುವುದು ಹೇನಿನ ಡಿಎನ್‌ಎಯಲ್ಲಿ ಅಲ್ಲ, ಗಮನಿಸಿ. ಯಾವ ಹುಳ ಎಷ್ಟು ಶಾಖ ತಡೆಯುತ್ತದೆ ಅನ್ನೋದನ್ನು ಒಳಗಿನ ಬ್ಯಾಕ್ಟೀರಿಯಾ ತೀರ್ಮಾನಿಸಬಹುದು ಅಂದಮೇಲೆ, ಮೇ ತಿಂಗಳಲ್ಲಿ 42-43 ಡಿಗ್ರಿ ಕಾಣುವ ಜಿಲ್ಲೆಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಬೇಕೆ? ಚಳಿಗಾಲ ಬೆಚ್ಚಗಾಗುತ್ತಾ ಹೋದರೆ ಜೋಳದ ಹೇನಿನ ಕಥೆ ಏನು, ಕುಸುಬೆಯದ್ದು ಏನು ಅಂತ ಲೆಕ್ಕ ಹಾಕುವವರು ಎರಡೂ ಜೀನೋಮ್ ಕೈಯಲ್ಲಿ ಹಿಡಿದು ಕೂರಬೇಕು.

ಓದುವುದು ಹೇಗೆ ಅನ್ನೋದನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ಹುಳವನ್ನು ಅರೆದು ಡಿಎನ್‌ಎ ತೆಗೆದರೆ ಸಿಗುವುದು ಕಲಬೆರಕೆ. ಹುಳದ್ದು, ಖಾಯಂ ಬ್ಯಾಕ್ಟೀರಿಯಾದ್ದು, ಬಂದುಹೋಗುವ ಬ್ಯಾಕ್ಟೀರಿಯಾದ್ದು, ತಿಂದ ಗಿಡದ್ದು, ಒಮ್ಮೊಮ್ಮೆ ಹುಳದೊಳಗೆ ಮೊಟ್ಟೆ ಇಟ್ಟ ಕಣಜದ್ದೂ ಸೇರಿರುತ್ತದೆ. ಯಂತ್ರ ಎಲ್ಲವನ್ನೂ ತುಂಡು ತುಂಡಾಗಿ ಓದಿ ಕೊಡುತ್ತದೆ. ಯಾವ ತುಂಡು ಯಾರದ್ದು ಅಂತ ಬೇರ್ಪಡಿಸುವುದೇ ದೊಡ್ಡ ಕೆಲಸ. ಅದಕ್ಕೆ ಗುರುತುಗಳಿವೆ. ಬುಕ್ನೆರಾದ ಒಂದೊಂದು ಕೋಶದಲ್ಲೂ ಅದರ ಜೀನೋಮಿನ ನೂರಕ್ಕೂ ಹೆಚ್ಚು ಪ್ರತಿಗಳಿರುತ್ತವೆ, ಹಾಗಾಗಿ ಅದರ ತುಂಡುಗಳು ಮತ್ತೆ ಮತ್ತೆ ಬರುತ್ತವೆ. ಜೀನೋಮ್ ಸಣ್ಣದಾದ ಬ್ಯಾಕ್ಟೀರಿಯಾಗಳಲ್ಲಿ ಎ ಮತ್ತು ಟಿ ಅಕ್ಷರಗಳೇ ವಿಪರೀತ. ಈಗಿನ ಯಂತ್ರಗಳು ಸಾವಿರಾರು ಅಕ್ಷರಗಳನ್ನು ಒಂದೇ ಓಟದಲ್ಲಿ ಓದುವುದರಿಂದ ಗೊಂದಲ ಎಷ್ಟೋ ಕಡಿಮೆಯಾಗಿದೆ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಯಂತ್ರಗಳೂ ಬಂದಿವೆ.

ಬೇರ್ಪಡಿಸುವಾಗ ಎಡವಿದರೆ ಮಾನ ಹೋಗುತ್ತದೆ. 2015ರಲ್ಲಿ ಟಾರ್ಡಿಗ್ರೇಡ್ ಎಂಬ ಸೂಕ್ಷ್ಮ ಜೀವಿಯ ಜೀನೋಮಿನಲ್ಲಿ ಆರನೇ ಒಂದು ಭಾಗ ಬೇರೆ ಜೀವಿಗಳಿಂದ ಬಂದದ್ದು ಅಂತ ಅಮೆರಿಕದ ತಂಡವೊಂದು ಸಾರಿತು. ಪತ್ರಿಕೆಗಳೆಲ್ಲ ಬರೆದವು. ಸ್ವಲ್ಪೇ ದಿನದಲ್ಲಿ ಸ್ಕಾಟ್ಲೆಂಡಿನ ಇನ್ನೊಂದು ತಂಡ, ಅದರಲ್ಲಿ ಬಹುಪಾಲು ಜೊತೆಗೆ ಸೇರಿಕೊಂಡ ಬ್ಯಾಕ್ಟೀರಿಯಾದ ಕಲಬೆರಕೆ ಅಂತ ತೋರಿಸಿತು. ಇದರ ಉಲ್ಟಾ ತಪ್ಪೂ ಆಗುತ್ತದೆ. ಹುಳದ ಜೀನೋಮ್ ಬೇಕು ಅಂತ ಹೊರಟವರು ಬ್ಯಾಕ್ಟೀರಿಯಾದ ತುಂಡುಗಳನ್ನು ಕಸ ಅಂತ ಸೋಸಿ ಎಸೆಯುತ್ತಾರೆ. ತೊಗರಿ ರೈತನಿಗೆ ಬೇಕಾದ ಉತ್ತರ ಆ ಕಸದಲ್ಲೇ ಇರಬಹುದು.

ಹಾಗಂತ ಬೇರೆ ಜೀವಿಯ ಜೀನ್ ಹುಳಕ್ಕೆ ಬರುವುದೇ ಇಲ್ಲ ಅಂತಲ್ಲ. ಬಿಳಿ ನೊಣ ಇದಕ್ಕೆ ಒಳ್ಳೆ ಸಾಕ್ಷಿ. ಯಾದಗಿರಿಯ ಹತ್ತಿಗೂ, ಬೀದರಿನ ಉದ್ದು-ಹೆಸರಿಗೂ ಇದು ಹಳೆಯ ಕಾಟ. ಉದ್ದು, ಹೆಸರು ಹೊಲ ಹಳದಿ ತಿರುಗಿ ಕಾಯಿ ಕಟ್ಟದೆ ಹೋಗುವ ಆ ನಂಜು ರೋಗವನ್ನು ಗಿಡದಿಂದ ಗಿಡಕ್ಕೆ ದಾಟಿಸುವುದು ಇದೇ ನೊಣ. ಇದರ ಒಂದು ತಳಿಯ ಜೀನೋಮ್ 2016ರಲ್ಲಿ ಬಂತು. ಸುಮಾರು 61 ಕೋಟಿ ಅಕ್ಷರ. ಬ್ಯಾಕ್ಟೀರಿಯಾ, ಶಿಲೀಂಧ್ರಗಳಿಂದ ಬಂದು ನೊಣದ್ದೇ ಆಗಿಹೋದ ನೂರಕ್ಕೂ ಹೆಚ್ಚು ಜೀನ್‌ಗಳು ಅದರಲ್ಲಿ ಕಂಡವು. 2021ರಲ್ಲಿ ಚೀನಾದ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗಿಡಗಳು ತಮ್ಮದೇ ವಿಷದಿಂದ ತಮಗೆ ತೊಂದರೆ ಆಗದಿರಲಿ ಅಂತ ಇಟ್ಟುಕೊಂಡ ಒಂದು ಜೀನ್ ಈ ನೊಣದ ಬಳಿ ಇದೆ. ಯಾವುದೋ ಕಾಲದಲ್ಲಿ ಗಿಡದಿಂದಲೇ ಕದ್ದದ್ದು. ಅದರ ಬಲದಿಂದಲೇ ಗಿಡದ ವಿಷ ಅದಕ್ಕೆ ನಾಟುವುದಿಲ್ಲ. ಆ ಜೀನನ್ನು ಸುಮ್ಮನಾಗಿಸುವ ಆರ್‌ಎನ್‌ಎ ಎಂಬ ಅಣು ತಯಾರಿಸುವ ಟೊಮೆಟೊ ಗಿಡ ಮಾಡಿ ನೊಣ ಬಿಟ್ಟಾಗ, ನೊಣಗಳು ಹೆಚ್ಚುಕಡಿಮೆ ಎಲ್ಲ ಸತ್ತವು. ಪರೀಕ್ಷಿಸಿದ ಬೇರೆ ಹುಳಗಳಿಗೆ ಏನೂ ಆಗಲಿಲ್ಲ. ಜೀನೋಮ್ ಓದಿದ್ದು ಹೊಲಕ್ಕೆ ಉಪಯೋಗ ಆಗುವುದು ಹೀಗೆ.

ಬಿಳಿ ನೊಣದೊಳಗೂ ಖಾಯಂ ಬ್ಯಾಕ್ಟೀರಿಯಾ ಇದೆ, ಹೆಸರು ಪೋರ್ಟಿಯೆರಾ. ಅದು ಎಲ್ಲಾ ಕಡೆಯ ನೊಣದಲ್ಲೂ ಇರುತ್ತದೆ. ಅದರ ಜೊತೆಗೆ ಬಂದು ಸೇರಿಕೊಳ್ಳುವ ಹ್ಯಾಮಿಲ್ಟೋನೆಲ್ಲಾ, ಆರ್ಸೆನೋಫೋನಸ್ ಮುಂತಾದವು ಮಾತ್ರ ಊರಿಂದ ಊರಿಗೆ ಬೇರೆ ಬೇರೆ. ಈ ಜೊತೆಗಾರರು ತಯಾರಿಸುವ ಒಂದು ಪ್ರೋಟೀನು ರೋಗದ ವೈರಸ್ಸಿಗೆ ಅಂಟಿಕೊಂಡು, ನೊಣದ ಮೈಯೊಳಗೆ ಅದು ಹಾಳಾಗದಂತೆ ಕಾಪಾಡುತ್ತದೆ. ಹತ್ತಿಯ ಎಲೆ ಮುರುಟು ವೈರಸ್ಸಿನ ಜೊತೆ ಆರ್ಸೆನೋಫೋನಸ್ ಪ್ರೋಟೀನು ಹೀಗೆ ಕೂಡುವುದನ್ನು ದೆಹಲಿ ವಿಶ್ವವಿದ್ಯಾಲಯದ ತಂಡ 2012ರಲ್ಲಿ ತೋರಿಸಿದೆ. ಅಂದರೆ ಒಂದು ಹೊಲದ ನೊಣ ರೋಗ ಜಾಸ್ತಿ ಹರಡುವುದು, ಪಕ್ಕದ ತಾಲ್ಲೂಕಿನದ್ದು ಕಡಿಮೆ ಹರಡುವುದು ನೊಣದ ಸಂಖ್ಯೆಯ ಮಾತಷ್ಟೇ ಅಲ್ಲ. ನಾವು ಎಲೆ ತಿರುಗಿಸಿ ನೊಣ ಎಣಿಸುತ್ತೇವೆ. ಅದರೊಳಗೆ ಯಾರಿದ್ದಾರೆ ಅಂತ ಎಣಿಸುವುದಿಲ್ಲ.

ಬೀದರ್ ಜಿಲ್ಲೆಯವರು ಇನ್ನೊಂದು ಪ್ರಯೋಗವನ್ನು ಗಮನವಿಟ್ಟು ಓದಬೇಕು, ಯಾಕಂದರೆ ಅಲ್ಲಿ ಈಗ ಸೋಯಾದ್ದೇ ಕಾರುಬಾರು. ಮೆಗಾಕೋಪ್ಟಾ ಎಂಬ ದುಂಡನೆಯ ಪುಟ್ಟ ತಿಗಣೆ ಇದೆ. ನಮ್ಮ ಅವರೆ ಬಳ್ಳಿಯಲ್ಲಿ ಗುಂಪುಗಟ್ಟಿ ಕೂರುವ, ಮುಟ್ಟಿದರೆ ನಾರುವ ಹಸಿರು-ಕಂದು ತಿಗಣೆ ಈ ಕುಲದ್ದೇ. ತಾಯಿ ಮೊಟ್ಟೆ ಇಡುವಾಗ ಸಾಲಿನ ಅಡಿಯಲ್ಲಿ ಸಣ್ಣ ಸಣ್ಣ ಕಂದು ಪೊಟ್ಟಣಗಳನ್ನೂ ಇಟ್ಟು ಹೋಗುತ್ತದೆ. ಅದರ ತುಂಬ ಬ್ಯಾಕ್ಟೀರಿಯಾ. ಮರಿ ಹೊರಬಂದ ಕೂಡಲೇ ಮಾಡುವ ಮೊದಲ ಕೆಲಸ ಆ ಪೊಟ್ಟಣ ಹೀರುವುದು. ಜಪಾನಿನ ಹೊಸೊಕಾವಾ ತಂಡ 2007ರಲ್ಲಿ ಸೋಯಾಕ್ಕೆ ಪೀಡೆಯಾದ ಜಾತಿಯ ಪೊಟ್ಟಣವನ್ನೂ, ಪೀಡೆಯಲ್ಲದ ಹತ್ತಿರದ ಜಾತಿಯ ಪೊಟ್ಟಣವನ್ನೂ ಅದಲುಬದಲು ಮಾಡಿತು. ಫಲಿತಾಂಶವೂ ಅದಲುಬದಲಾಯಿತು. ಪೀಡೆಯಲ್ಲದ ತಿಗಣೆಯ ಸಂತಾನ ಸೋಯಾ ಮೇಲೆ ಚೆನ್ನಾಗಿ ಬೆಳೆಯಿತು, ಪೀಡೆಯ ತಿಗಣೆಯ ಮೊಟ್ಟೆಗಳು ಸರಿಯಾಗಿ ಒಡೆಯದೆ ಹೋದವು. ಪೀಡೆ ಅನ್ನಿಸಿಕೊಂಡದ್ದು ತಿಗಣೆಯೋ, ಪೊಟ್ಟಣವೋ? 2009ರಲ್ಲಿ ಈ ಕುಲದ ತಿಗಣೆ ಅಮೆರಿಕದ ಜಾರ್ಜಿಯಾಕ್ಕೆ ಕಾಲಿಟ್ಟು, ನೋಡ ನೋಡುತ್ತಲೇ ಅಲ್ಲಿಯ ಸೋಯಾ ಹೊಲಗಳನ್ನು ಮುತ್ತಿತು. ಬೆಳೆ ಬದಲಾಗುವ ಕಡೆ ಹಳೆಯ ನಿರುಪದ್ರವಿ ಹುಳವೂ ಒಂದು ದಿನ ಪೀಡೆಯಾಗಬಹುದು, ಅದರ ಸುಳಿವು ಹುಳದ ಮುಖದಲ್ಲಿ ಕಾಣುವುದಿಲ್ಲ.

ಕಾಳು ತುಂಬಿಡುವ ಕಣಜಕ್ಕೆ ಬಂದರೆ ಅಲ್ಲೂ ಇದೇ ಕಥೆ. ಜೋಳಕ್ಕೆ ಹತ್ತುವ ಸೊಂಡಿಲ ನುಸಿಯೊಳಗೆ ಸೊಡಾಲಿಸ್ ಎಂಬ ಬ್ಯಾಕ್ಟೀರಿಯಾ ಇದೆ. ನುಸಿಯ ಕರಿ ಗಟ್ಟಿ ಚಿಪ್ಪಿಗೆ ಬೇಕಾದ ಟೈರೋಸಿನ್ ಎಂಬ ಅಮೈನೋ ಆಮ್ಲ ಒದಗಿಸುವುದು ಅದೇ. ಬ್ಯಾಕ್ಟೀರಿಯಾ ತೆಗೆದ ನುಸಿ ಬದುಕುತ್ತದೆ, ಆದರೆ ಮಾಸಲು ಬಣ್ಣ, ಮೆತ್ತನೆ ಮೈ. ಚಿಪ್ಪು ಗಟ್ಟಿಯಾಗುತ್ತಲೇ ನುಸಿ ಕರುಳಿನಲ್ಲಿರುವ ಆ ಬ್ಯಾಕ್ಟೀರಿಯಾವನ್ನೇ ಜೀರ್ಣಿಸಿಕೊಂಡು ಬಿಡುತ್ತದೆ ಅಂತ 2014ರಲ್ಲಿ ಫ್ರಾನ್ಸಿನ ತಂಡ ಕಂಡಿತು. ಕೆಲಸ ಮುಗಿದ ಮೇಲೆ ಲೆಕ್ಕ ಚುಕ್ತಾ. ಸೊಡಾಲಿಸ್ ನುಸಿಯನ್ನು ಸೇರಿ 30 ಸಾವಿರ ವರ್ಷವೂ ಆಗಿಲ್ಲವಂತೆ. ಹಾಗಾಗಿ ಅದರ ಜೀನೋಮ್ ಇನ್ನೂ 45 ಲಕ್ಷ ಅಕ್ಷರದಷ್ಟು ದೊಡ್ಡದು, ಕೆಟ್ಟು ನಿಂತ ಜೀನ್‌ಗಳ ರಾಶಿ. ಬುಕ್ನೆರಾ ದಾರಿಯ ಮೊದಲ ಮೈಲಿಗಲ್ಲು ಅದು. ಅಂದಹಾಗೆ ಇನ್ನೊಂದು ಕಾಳಿನ ಹುಳದ ಬ್ಯಾಕ್ಟೀರಿಯಾಕ್ಕೆ ಗ್ಲೈಫೋಸೇಟ್ ಕಳೆನಾಶಕ ತಗುಲಿದರೆ ಹುಳದ ಚಿಪ್ಪು ತೆಳ್ಳಗಾಗುತ್ತದೆ ಅಂತ 2021ರಲ್ಲಿ ಜರ್ಮನಿಯಿಂದ ವರದಿ ಬಂತು. ಇದನ್ನು ಓದಿ ಯಾರೂ ಜೋಳದ ಚೀಲಕ್ಕೆ ಕಳೆನಾಶಕ ಹೊಡೆಯಲು ಹೋಗಬೇಡಿ ಮತ್ತೆ. ಗಾಳಿಯಾಡದ ಹಗೇವಿನಲ್ಲಿ ಜೋಳ ಇಟ್ಟು ನುಸಿಯನ್ನು ಉಸಿರುಗಟ್ಟಿಸಿದ ನಮ್ಮ ಹಿರಿಯರ ಉಪಾಯವೇ ಇದಕ್ಕಿಂತ ಮೇಲು.

ಈಗ ತಣ್ಣೀರು ಎರಚುವ ಮಾತು. ತೊಗರಿಯ ಅತಿ ದೊಡ್ಡ ಶತ್ರು ಕಾಯಿಕೊರಕ. ಗಿಡ ಅಲ್ಲಾಡಿಸಿ, ಕೆಳಗೆ ಚಾದರ ಹಿಡಿದು ಬೀಳಿಸುತ್ತಾರಲ್ಲ, ಅದೇ ಹಸಿರು ಕೀಡೆ. ಅದು ಈ ಗುಂಪಿನದ್ದಲ್ಲ. ಎಲೆ, ಹೂ, ಕಾಳು ಕಚ್ಚಿ ತಿನ್ನುವ ಕೀಡೆಗೆ ಊಟದಲ್ಲೇ ಬೇಕಾದದ್ದು ಸಿಗುತ್ತದೆ. ಕೀಡೆಗಳ ಕರುಳಿನಲ್ಲಿ ಖಾಯಂ ಬ್ಯಾಕ್ಟೀರಿಯಾ ಬಳಗ ಇಲ್ಲವೆನ್ನುವಷ್ಟು ಕಡಿಮೆ ಅಂತ 2017ರ ಅಧ್ಯಯನವೊಂದು ತೋರಿಸಿದೆ. ನೆಟೆ ರೋಗ ಶಿಲೀಂಧ್ರದ್ದು, ಗೊಡ್ಡು ರೋಗ ಎಲೆಯ ಮೇಲಿನ ಸೂಕ್ಷ್ಮ ನುಸಿ (ಮೈಟ್) ಹರಡುವ ವೈರಸ್ಸಿನದ್ದು. ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಓದಿದರೆ ತೊಗರಿ ಸಮಸ್ಯೆ ಎಲ್ಲಾ ಬಗೆಹರಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇದು ರಸ ಹೀರುವ ಹುಳಗಳ ವಿಷಯ: ತಿಗಣೆ, ಹೇನು, ಬಿಳಿ ನೊಣ, ಜಿಗಿಹುಳ, ಹಿಟ್ಟು ತಿಗಣೆ. ಹಾಗೆಯೇ ಆ್ಯಂಟಿಬಯೋಟಿಕ್ ಹೊಡೆದು ಒಳಗಿನ ಬ್ಯಾಕ್ಟೀರಿಯಾ ಕೊಲ್ಲೋಣ ಅನ್ನುವ ಐಡಿಯಾ ಪ್ರಯೋಗಾಲಯಕ್ಕೆ ಸರಿ, ಹೊಲಕ್ಕೆ ಅಲ್ಲ. ಹೊಲದಲ್ಲಿ ಚೆಲ್ಲಿದ ಆ್ಯಂಟಿಬಯೋಟಿಕ್ ನಾಳೆ ಆಸ್ಪತ್ರೆಯಲ್ಲಿ ಮದ್ದು ನಾಟದಂತೆ ಮಾಡುತ್ತದೆ. ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್‌ಗಳನ್ನು ಬೆಳೆಗೆ ಬಳಸುವುದನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2021ರಲ್ಲೇ ಕರಡು ಆದೇಶ ತಂದದ್ದು ಇದಕ್ಕೇ.

ತೊಗರಿಯ ಜೀನೋಮ್ ನಮಗೆ ದೂರದ ಮಾತಲ್ಲ. ಬೀದರಿನಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಪಟಾನ್‌ಚೆರು ಸಿಗುತ್ತದಲ್ಲ, ಅಲ್ಲಿರುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮುಂದಾಳತ್ವದಲ್ಲಿ 2011ರ ಕೊನೆಗೆ ಅದು ಪ್ರಕಟವಾಯಿತು. 48,680 ಜೀನ್‌ಗಳು. ಓದಲು ಆರಿಸಿದ ತಳಿ ಆಶಾ. ಭಾರತದ ಇನ್ನೊಂದು ತಂಡವೂ ಅದೇ ವರ್ಷ ಅದೇ ತಳಿಯ ಕರಡು ಜೀನೋಮ್ ಕೊಟ್ಟಿತ್ತು. ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತೂ ಬಂತು. ಈ ನೆಲ, ಈ ಹವೆಯಿಂದಲೇ ಈ ರುಚಿ ಅಂತ ಕಾನೂನೇ ಒಪ್ಪಿಕೊಂಡಿದೆ. ನೆಲ ಬೇಳೆಯ ರುಚಿ ಬದಲಿಸುತ್ತದೆ ಅಂತ ಒಪ್ಪುವವರು, ಅದೇ ನೆಲ ತಿಗಣೆಯ ಹೊಟ್ಟೆಯನ್ನೂ ಬದಲಿಸುತ್ತದೆ ಅಂತ ಒಪ್ಪಲು ಕಷ್ಟ ಏನಿದೆ?

ಮಾಡಬೇಕಾದ ಕೆಲಸ ಭಾರಿ ಖರ್ಚಿನದ್ದೂ ಅಲ್ಲ. ಹುಳದ ಪೂರ್ತಿ ಜೀನೋಮ್ ಹತ್ತಾರು ಕೋಟಿಯಿಂದ ನೂರಾರು ಕೋಟಿ ಅಕ್ಷರದ್ದು, ಅದಕ್ಕೆ ಹಣ, ಕಂಪ್ಯೂಟರ್, ಜನ ಬೇಕು. ಬ್ಯಾಕ್ಟೀರಿಯಾದ್ದು ಕೆಲವು ಲಕ್ಷದಿಂದ ಹೆಚ್ಚೆಂದರೆ ಒಂದು ಕೋಟಿ ಅಕ್ಷರದೊಳಗೆ ಮುಗಿಯುತ್ತದೆ. ಯಾವ ಬ್ಯಾಕ್ಟೀರಿಯಾ ಇದೆ ಅಂತಷ್ಟೇ ತಿಳಿಯಬೇಕಾದರೆ ಒಂದೇ ಜೀನ್ ಓದಿದರೂ ಸಾಕು. ಮೇಲಾಗಿ ತಿಗಣೆಯ ಬರ್ಕ್‌ಹೋಲ್ಡೇರಿಯಾ ಬುಕ್ನೆರಾದಂತೆ ಹಠಮಾರಿ ಅಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುತ್ತದೆ. ಕಲಬುರಗಿಯಲ್ಲಿ ಕೃಷಿ ಸಂಶೋಧನಾ ಕೇಂದ್ರ ಇದೆ, ಕೃಷಿ ಕಾಲೇಜು ಇದೆ. ಭೀಮರಾಯನಗುಡಿಯಲ್ಲಿ ಇನ್ನೊಂದು ಕಾಲೇಜು. ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯ ಕೆಲಸವೇ ಇಂಥದ್ದು.

ಮೊದಲು ಬೇಕಾದದ್ದು ಎರಡು ಬಗೆಯ ಹೊಲ. ಹತ್ತಾರು ವರ್ಷ ಒಂದೇ ಗುಂಪಿನ ಎಣ್ಣೆ ಕಂಡದ್ದು ಒಂದು, ಎಣ್ಣೆ ಮುಟ್ಟದ್ದು ಇನ್ನೊಂದು. ಎರಡರ ಮಣ್ಣೂ, ಅಲ್ಲಿಯ ಕಾಯಿ ತಿಗಣೆಗಳೂ ಬೇಕು. ಮಣ್ಣಿನ ಬರ್ಕ್‌ಹೋಲ್ಡೇರಿಯಾ ಮತ್ತು ತಿಗಣೆಯೊಳಗಿನದ್ದು ಒಂದೇ ಹೌದಾ, ಅದರಲ್ಲಿ ಎಣ್ಣೆ ಒಡೆಯುವ ಜೀನ್ ಇದೆಯಾ, ಅಂಥ ತಿಗಣೆ ಪ್ರೊಫೆನೊಫಾಸ್‌ಗೆ ಎಷ್ಟು ಜಗ್ಗುತ್ತದೆ ಅಂತ ನೋಡಬೇಕು. ಉತ್ತರ ಹೌದು ಅಂತ ಬಂದರೆ ಸಲಹೆಯೇ ಬದಲಾಗುತ್ತದೆ. ಆಗ ಎಣ್ಣೆಯ ಬ್ರ್ಯಾಂಡ್ ಬದಲಿಸಿ ಉಪಯೋಗ ಇಲ್ಲ, ಗುಂಪನ್ನೇ ಬದಲಿಸಬೇಕು. ಅದೇ ಹೊಲಕ್ಕೆ ಸಾಲಾಗಿ ವರ್ಷಗಟ್ಟಲೆ ಒಂದೇ ರಾಸಾಯನಿಕ ಬೀಳದಂತೆ ನೋಡಿಕೊಳ್ಳಬೇಕು, ಒಂದು ವರ್ಷ ಜೋಳವೋ ಕುಸುಬೆಯೋ ಹಾಕಿ ತಿಗಣೆಗೆ ಊಟ ತಪ್ಪಿಸಬೇಕು. ಇಲ್ಲ ಅಂತ ಬಂದರೆ ಅಂಗಡಿಯ ನಕಲಿ ಮಾಲಿನ ಕಡೆ ಇನ್ನೂ ಗಟ್ಟಿಯಾಗಿ ಬೆರಳು ತೋರಿಸಬಹುದು. ತಿಗಣೆ ಹಿಡಿಯಲು ಸರಿಯಾದ ಕಾಲ ಕಾಯಿ ಎಳೆಯದಾಗಿರುವಾಗ, ಅಂದರೆ ನವೆಂಬರ್, ಡಿಸೆಂಬರ್. ಮಣ್ಣನ್ನಂತೂ ಬಿತ್ತುವ ಮೊದಲು ಒಮ್ಮೆ, ಕೊಯ್ಲಾದ ಮೇಲೆ ಒಮ್ಮೆ ತೆಗೆಯಬೇಕು.